ಬರ್ಫಿಗೆ ಹತ್ತಿದ ಬೆಂಕಿ

ಛಟೀರ್!

ಹಾಲಗುಂಡಿಯ ಬಸ್ ಸ್ಟ್ಯಾಂಡಿನಲ್ಲಿ ಆ ಸದ್ದು ಕೇಳದವರೇ ಇರಲಿಲ್ಲ. ಸೋಡಾ ಕುಡಿಯುತ್ತಿದ್ದವರ ಕೈಯಲ್ಲಿ ಬಾಟಲಿ ಅಲ್ಲಿಗೇ ನಿಂತಿತು. ಬಸ್ಸಿಗೆ ಕಾದು ಕುಳಿತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಊರಿನ ಹೈಸ್ಕೂಲಿನ ವಿಜ್ಞಾನದ ಅಕ್ಕೋರು ಶಂಕ್ರೆವ್ವ... ನೆಲ ನೋಡಿಕೊಂಡು ಶಾಲೆಗೆ ಹೋಗಿ, ನೆಲ ನೋಡಿಕೊಂಡೇ ಮನೆಗೆ ಬರುವ ಹುಡುಗಿ... ಹಾಡಹಗಲಲ್ಲಿ ಒಬ್ಬ ಗಂಡಸಿನ ಕೆನ್ನೆಗೆ ಬಾರಿಸಿದ್ದಳು!

ಹೊಡೆಸಿಕೊಂಡವನು ಬೆಪ್ಪಾಗಿ ನಿಂತಿದ್ದ. ನಿಜ ಹೇಳಬೇಕೆಂದರೆ, ಹೊಡೆದವಳು ಅವನಿಗಿಂತ ಹೆಚ್ಚು ಬೆಪ್ಪಾಗಿದ್ದಳು.

'ಅಯ್ಯ ಶಿವನೇ... ನನ್ನ ಕೈಯೇನಾ ಇದು?'

ಆದದ್ದಿಷ್ಟೇ. ಎಪ್ಪತ್ತೈದರ ಬೇಸಿಗೆ ಅದು. ಅವಳ ಅಪ್ಪ, ನಿಂಬೆ ತೋಟದ ಪರಪ್ಪನಿಗೆ ಮೈ ಸುಡುವ ಜ್ವರ. ಹಣೆಗೆ ತಣ್ಣೀರು ಪಟ್ಟಿ ಹಾಕಿ ಹಾಕಿ ಸಾಕಾಗಿ, ಬರ್ಫು, ಅಂದರೆ ಮಂಜುಗಡ್ಡೆ, ತರಲು ಅಬ್ದುಲರಜಾಕನ ಸೋಡಾ ಅಂಗಡಿಗೆ ಓಡಿ ಬಂದಿದ್ದಳು. ಶುಕ್ರವಾರವಾದ್ದರಿಂದ ರಜಾಕ ನಮಾಜಿಗೆ ಹೋಗಿದ್ದ. ಬರ್ಫಿನ ದೊಡ್ಡ ಪೆಟ್ಟಿಗೆಯಲ್ಲಿ ಬರೀ ಒದ್ದೆ ಹೊಟ್ಟು. ಆದರೆ ಮೂಲೆಯ ತಗಡಿನ ಟಬ್ಬಿನಲ್ಲಿ, ಗೋಣಿಚೀಲದ ಕೆಳಗೆ, ಉಪ್ಪಿನ ನಡುವೆ ಬೆಳ್ಳಗೆ ಒಂದು ಗಡ್ಡೆ ಕಂಡಿತು.

ಬಗ್ಗಿ ಅದನ್ನು ಹಿತ್ತಾಳೆ ಡಬ್ಬಿಗೆ ಹಾಕಿಕೊಂಡಳಷ್ಟೇ. ಸ್ಟೂಲಿನ ಮೇಲೆ ಕೂತು ಏನೋ ಓದುತ್ತಿದ್ದ ಅಪರಿಚಿತನೊಬ್ಬ ಹಾರಿ ಬಂದು ಅವಳ ಮುಂಗೈ ಹಿಡಿದುಬಿಟ್ಟ!

ಅದಕ್ಕೇ ಆ ಏಟು.

"ಅದು... ಅದು ಬರ್ಫಲ್ಲರಿ ಅಕ್ಕೋರ..." ಅವನು ತೊದಲಿದ.

"ಬರ್ಫಲ್ಲಂದ್ರ ಏನು, ಕಲ್ಲಸಕ್ಕರಿ ಏನು? ವಿಜ್ಞಾನ ಕಲಸಾಕಿ ನಾನು. ಬರ್ಫ ಯಾವುದು ಅಂತ ನನಗ ಹೇಳಾಕ ಬಂದೀರಿ! ಕೈ ಹಿಡಿಯಾಕ ಬ್ಯಾರೆ ನೆಪ ಸಿಗಲಿಲ್ಲೇನು?"

"ಹಂಗಲ್ಲರಿ... ನನ್ನ ಮಾತು..."

"ರಜಾಕಕಾಕಾಗ ಹೇಳ್ರಿ, ಪರಪ್ಪನ ಮಗಳು ಬರ್ಫ ಒಯ್ದಾಳಂತ!"

ಡಬ್ಬಿಯ ಮುಚ್ಚಳ ಒತ್ತಿ, ಸರಸರ ನಡೆದೇಬಿಟ್ಟಳು.

ಅವನು ಅವಳ ಹಿಂದೆ ನಾಲ್ಕು ಹೆಜ್ಜೆ ಓಡಿದ. "ಏ ತಮ್ಮಾ, ಒಂದು ಸಾಕಾಗಲಿಲ್ಲೇನು? ಇನ್ನೊಂದು ಬೇಕೇನು?" ಎಂದು ಯಾರೋ ಕೂಗಿದರು. ಬಸ್ ಸ್ಟ್ಯಾಂಡೆಲ್ಲ ಗೊಳ್ಳೆಂದಿತು. ಅವನ ಕಾಲು ಅಲ್ಲೇ ನಿಂತವು.

ಎಷ್ಟು ದೊಡ್ಡ ಕಾಲೇಜು ಕಲಿತರೇನು, ಹತ್ತು ಜನರ ಎದುರು ಹೆಣ್ಣಿನ ಏಟು ತಿಂದ ಗಂಡಸಿಗೆ ಬಾಯಿ ಬರುವುದು ಕಷ್ಟ. ಆದರೆ ಆ ಒಂದು ಗಳಿಗೆ ಸುಮ್ಮನೆ ನಿಂತದ್ದಕ್ಕೆ ಅವನು ಆಮೇಲೆ ಎಷ್ಟು ಹಳಹಳಿಸಿದನೋ ದೇವರೇ ಬಲ್ಲ!

* * *

ಮನೆಯಲ್ಲಿ ಪರಪ್ಪ ಕಂಬಳಿ ಹೊದ್ದು ನರಳುತ್ತಿದ್ದ. ಅವನ ತಲೆದೆಸೆಯಲ್ಲಿ ಮರೆವ್ವ ಕೂತಿದ್ದಳು.

ಮರೆವ್ವ ಓಣಿಯ ಕೊನೆಯ ಗುಡಿಸಲಿನ ಮುದುಕಿ. ಶಂಕ್ರೆವ್ವನನ್ನು ಹಡೆದ ತಾಯಿ ಹಸಿಬಾಣಂತಿಯಾಗಿಯೇ ತೀರಿಕೊಂಡಾಗ, ಆ ಎಳೆಗೂಸನ್ನು ಎದೆಗವಚಿಕೊಂಡು ದೊಡ್ಡದು ಮಾಡಿದವಳು. ಊರಲ್ಲಿ ಯಾವ ಕೂಸು ಅತ್ತರೂ, ಯಾವ ಎಮ್ಮೆ ಹಾಲು ಬಿಡದಿದ್ದರೂ ದೃಷ್ಟಿ ತೆಗೆಯಲು ಅವಳೇ ಬರಬೇಕು.

"ನಿಮ್ಮಪ್ಪಗ ದೃಷ್ಟಿ ಆಗೇತಿ ಮಗಳ. ನಿಂಬಿ ಗಿಡ ಈ ವರ್ಷ ಹೆಂಗ ಕಾಯಿ ಹಿಡದಾವ ನೋಡು, ಕಂಡವರ ಕಣ್ಣೆಲ್ಲಾ ಅಲ್ಲೇ," ಎಂದಳು ಮರೆವ್ವ.

"ಆಯಿ, ಜ್ವರ ಬಂದದ್ದು ಬಿಸಿಲಿಗೆ. ದೃಷ್ಟಿಗಲ್ಲ."

"ನಿಂದು ನೀ ಮಾಡು, ನಂದು ನಾ ಮಾಡ್ತೇನಿ!"

ಶಂಕ್ರೆವ್ವ ನಕ್ಕು, ಗಡ್ಡೆಯನ್ನು ಹಿತ್ತಾಳೆ ತಾಟಿಗೆ ಸುರಿದು ಅಪ್ಪನ ತಲೆಯ ಪಕ್ಕ ಇಟ್ಟಳು. ಗಡ್ಡೆಯಿಂದ ಚಿಟಿಚಿಟಿ ಸದ್ದು ಬರುತ್ತಿತ್ತು. 'ಬರ್ಫ ಎಂದಾದರೂ ಹೀಗೆ ಸದ್ದು ಮಾಡುತ್ತದೆಯೇ?' ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಅಪ್ಪ ನರಳಿದ. ಆ ಯೋಚನೆ ಅಲ್ಲೇ ಬಿತ್ತು.

ಮರೆವ್ವ ಹಳೆಯ ಸೀರೆಯ ಚೂರನ್ನು ಬತ್ತಿ ಹೊಸೆದು, ಎಣ್ಣೆಯಲ್ಲಿ ಅದ್ದಿ, ಕಡ್ಡಿಗೆ ಕಟ್ಟಿ ಹೊತ್ತಿಸಿದಳು. ಪರಪ್ಪನ ಮೈಮೇಲೆ ನಿವಾಳಿಸುತ್ತ ಬಾಯಲ್ಲಿ ಏನೇನೋ ಅಂದುಕೊಂಡಳು. ಉರಿಯುವ ಎಣ್ಣೆಯ ಹನಿ ನೀರಿಗೆ ಬಿದ್ದು ಸೊರ್ರ್ ಎಂದರೆ ದೃಷ್ಟಿ ಹೋಯಿತೆಂದು ಲೆಕ್ಕ. ಪಕ್ಕದಲ್ಲಿ ಬರ್ಫು ಕರಗಿ ನೀರಾಗುತ್ತಿದ್ದ ತಾಟು ಸಿದ್ಧವಾಗಿಯೇ ಇತ್ತಲ್ಲ! ಅವಳು ಬತ್ತಿಯನ್ನು ಅದರ ಮೇಲೆ ಹಿಡಿದಳು.

ಒಂದು ಹನಿ ಬಿತ್ತು.

ಭಗ್!

ಬರ್ಫು ಹೊತ್ತಿಕೊಂಡಿತು!

ಬೆಳ್ಳನೆಯ ಗಡ್ಡೆಯ ಮೇಲೆ ನೀಲಿ ಉರಿ... ಕೆಳಗೆ ನೀರು, ನೀರಿನ ಮೇಲೆ ಬರ್ಫು, ಬರ್ಫಿನ ಮೇಲೆ ಬೆಂಕಿ!

"ಅಯ್ಯೋ! ನೀರು ಉರಿಯಾಕತ್ತೈತಿ!"

ಬಾಗಿಲಲ್ಲಿ ನಿಂತಿದ್ದ ನೆರೆಯ ಹೆಂಗಸರು ಕಿರುಚಿ ಓಡಿದರು. ಮೂರು ದಿನದಿಂದ ಏಳದಿದ್ದ ಪರಪ್ಪ ಹಾಸಿಗೆಯಿಂದ ಜಿಗಿದ. ಕೈಗೆ ಸಿಕ್ಕ ಕೊಡ ಎತ್ತಿ ತಾಟಿನ ಮೇಲೆ ಸುರಿದ. ಉರಿ ಆರುವುದಿರಲಿ, ಮತ್ತಷ್ಟು ಎದ್ದು ಕುಣಿಯಿತು!

ಪರಪ್ಪನ ಕಣ್ಣು ಬೆಂಕಿಯಿಂದ ಬತ್ತಿಗೆ, ಬತ್ತಿಯಿಂದ ಮುದುಕಿಗೆ ಹೊರಳಿತು.

"ಭಾನಾಮತಿ..." ಅವನು ಹಿಂದೆ ಸರಿದ. "ಈಕಿ ನನ್ನ ಮ್ಯಾಲೆ ಭಾನಾಮತಿ ಮಾಡ್ಯಾಳ!"

ಭಾನಾಮತಿ! ಒಣಹಾಕಿದ ಬಟ್ಟೆ ತಾನೇ ಹೊತ್ತಿಕೊಳ್ಳುವುದು, ಮನೆಯ ಮೇಲೆ ಎಲ್ಲಿಂದಲೋ ಕಲ್ಲು ಬೀಳುವುದು... ಆ ಮಾಟದ ಹೆಸರು ಕೇಳಿದರೆ ಈ ಕಡೆಯ ಊರುಗಳಲ್ಲಿ ಮೀಸೆ ಹೊತ್ತವರೂ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು.

ಶಂಕ್ರೆವ್ವ ಗೋಡೆಗೆ ಒರಗಿ ನಿಂತಿದ್ದಳು. ಬಿ.ಎಸ್ಸಿ. ಪಾಸಾದವಳು. ಬರ್ಫು ಕರಗಿದರೆ ನೀರು, ಕುದಿಸಿದರೆ ಆವಿ ಎಂದು ಮಕ್ಕಳಿಗೆ ಕಲಿಸಿದವಳು. ಅದೇ ಬರ್ಫು ಅವಳ ಕಣ್ಣೆದುರೇ ಉರಿಯುತ್ತಿತ್ತು! ಕಲಿತದ್ದೆಲ್ಲ ಒಂದು ಕ್ಷಣ ತಲೆಯಿಂದ ಹಾರಿಹೋಯಿತು. ಅವಳೂ ಮರೆವ್ವನ ಕಡೆ ನೋಡಿದಳು.

ಹೆದರಿಕೆಯಿಂದ ನೋಡಿದಳು.

ಮರೆವ್ವ ಆ ನೋಟವನ್ನು ಕಂಡಳು. ಕೈಯಲ್ಲಿದ್ದ ಬತ್ತಿ ಕೆಳಗೆ ಬಿತ್ತು.

* * *

ಸುದ್ದಿ ಹರಡಲು ಎಷ್ಟು ಹೊತ್ತು? ಮಧ್ಯಾಹ್ನ ಇಳಿಯುವುದರೊಳಗೆ ಪರಪ್ಪನ ಮನೆಯ ಮುಂದೆ ಊರೇ ನೆರೆದಿತ್ತು. ಊರ ಗೌಡ ಶ್ರೀಶೈಲಪ್ಪ ಬಂದು ಸುಟ್ಟು ಕಪ್ಪಾದ ತಾಟನ್ನು ದೂರದಿಂದಲೇ ನೋಡಿದ.

"ಮುದುಕೀನ ಚಾವಡ್ಯಾಗ ಕೂಡಿ ಹಾಕ್ರಿ. ನಾಳೆ ಮುಂಜಾನೆ ಹಣಮಪ್ಪನ ಗುಡಿ ಕಟ್ಟೀಗೆ ಎಲ್ಲಾರೂ ಬರ್ರಿ."

ನಾಳೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಭಾನಾಮತಿ ಮಾಡಿದವರ ಹಲ್ಲು ಕೀಳುತ್ತಿದ್ದರು... ಬಾಯಿಂದ ಮಂತ್ರ ಸ್ಪಷ್ಟವಾಗಿ ಹೊರಡಬಾರದಲ್ಲ, ಅದಕ್ಕೆ. ಆಮೇಲೆ ಊರಾಚೆಗೆ ಅಟ್ಟುತ್ತಿದ್ದರು.

ಶಂಕ್ರೆವ್ವನಿಗೆ ಆಗ ಮಿಂಚಿನ ಹಾಗೆ ಆ ಮಾತು ನೆನಪಾಯಿತು.

'ಅದು ಬರ್ಫಲ್ಲರಿ ಅಕ್ಕೋರ...'

ಬರ್ಫಲ್ಲ! ಅವನಿಗೆ ಗೊತ್ತಿತ್ತು!

ಅವಳು ಸೋಡಾ ಅಂಗಡಿಗೆ ಓಡಿದಳು. ರಜಾಕ ಮಂಕಾಗಿ ಕೂತಿದ್ದ.

"ಕಾಕಾ, ಇಲ್ಲಿ ಕುಂತಿದ್ರಲ್ಲ, ಅವರು ಯಾರು? ಎಲ್ಲಿ ಹೋದ್ರು?"

"ಬಸಂತರಾಯರೇನವ್ವಾ? ನಮ್ಮ ಗೌಡರ ತಂಗಿ ಮಗ, ಹೂವಿನ ಹಿಪ್ಪರಗಿಯವರು. ಮುಂಬೈದಾಗ ದೊಡ್ಡ ಓದು ಓದಾಕತ್ತಾರ. ಭೂಮಿ ಬುಡದಾಗ, ಸಮುದ್ರದ ತಳದಾಗ, ಬರ್ಫಿನೊಳಗ ಗ್ಯಾಸ ಸೆರಿ ಆಗೇತಂತ. ಅದನ್ನ ಹೊರಗ ತಗಿಯೋದು ಹೆಂಗ ಅಂತ ನೋಡಾಕತ್ತಾರಂತ. ಒಂದು ಉಕ್ಕಿನ ಡಬ್ಬಿ, ಒಂದು ಟಬ್ಬು ತಗೊಂಡು ಅಡ್ಡಾಡತಿದ್ರು. ನನಗೇನು ತಿಳೀತೈತಿ? ಹುಚ್ಚು ಅಂತ ನಾ ನಗತಿದ್ದೆ."

"ಈಗ ಎಲ್ಲಿ ಅದಾರ?"

ರಜಾಕ ಕಣ್ಣು ತಗ್ಗಿಸಿದ. "ನಿಮ್ಮ ಮನಿ ಸುದ್ದಿ ಬಂದ ಕೂಡಲೆ ಎದ್ದು ಓಡಿದ್ರವ್ವಾ. ಇಂಡಿ ಪ್ಯಾಟಿಗೆ ಹೋಗೋ ಬಸ್ ಹೊಂಟಿತ್ತು. ಡಬ್ಬಿ, ಟಬ್ಬು ಎಲ್ಲಾ ಹಾಕ್ಕೊಂಡು ಹತ್ತಿಬಿಟ್ರು. ನಂಗೂ ಒಂದು ಮಾತು ಹೇಳಲಿಲ್ಲ."

ಓಡಿಹೋದ!

ಬೆಂಕಿ ಇಟ್ಟವನು ಅವನು. ಸಿಕ್ಕಿಬಿದ್ದವಳು ಏನೂ ಅರಿಯದ ಮುದುಕಿ. ಸುದ್ದಿ ಕೇಳಿದ ಕೂಡಲೇ ಬಸ್ ಹತ್ತಿದ್ದಾನೆ!

'ಹೇಡಿ... ಒಂದಲ್ಲ, ಇನ್ನೂ ನಾಲ್ಕು ಹಾಕಬೇಕಾಗಿತ್ತು!' ಅವಳ ಕಣ್ಣಲ್ಲಿ ಸಿಟ್ಟಿನ ನೀರು ತುಂಬಿತು. ಯಾಕೋ ಅವನ ಆ ಪೆಚ್ಚು ಮುಖವೂ ಕಣ್ಣ ಮುಂದೆ ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಇನ್ನಷ್ಟು ಸಿಟ್ಟಾಯಿತು.

ಮನೆಗೆ ಬಂದು ಅಪ್ಪನ ಕಾಲ ಬಳಿ ಕೂತಳು.

"ಅಪ್ಪಾ, ತಪ್ಪು ನಂದು. ನಾ ತಂದದ್ದು ಬರ್ಫ ಅಲ್ಲ. ಅದರಾಗ ಉರಿಯೋ ಗ್ಯಾಸ ಇತ್ತು."

"ನೀರಿನ ಗಡ್ಡಿ ಉರಿತೈತಿ ಅಂತ ನಿಮ್ಮ ಸಾಲಿ ಪುಸ್ತಕದಾಗ ಐತೇನು?"

ಅವಳು ಸುಟ್ಟ ತಾಟಿನ ಕಡೆ ನೋಡಿದಳು.

"ಹೇಳು. ಐತೇನು?"

"...ಇಲ್ಲ."

"ಮತ್ತ?" ಪರಪ್ಪ ಗೋಡೆಯ ಕಡೆ ಹೊರಳಿ ಮಲಗಿದ.

ಹೊತ್ತು ಮುಳುಗುವ ಮುಂಚೆ ರೊಟ್ಟಿ ಕಟ್ಟಿಕೊಂಡು ಚಾವಡಿಗೆ ಹೋದಳು. ಕಿಟಕಿಯ ಸರಳಿನಾಚೆ ಮರೆವ್ವ ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದಳು.

"ಆಯಿ, ರೊಟ್ಟಿ ತಿನ್ನು."

"ಈಗ ತಿಂತೇನಿ. ನಾಳಿಂದ ಅಗಿಯಾಕ ಬರತೈತೋ ಇಲ್ಲೋ." ಮುದುಕಿ ನಗಲು ನೋಡಿದಳು, ಆಗಲಿಲ್ಲ. "ಊರು ಅಂದದ್ದು ಇರಲಿ ಶಂಕ್ರಿ. ನಿಮ್ಮಪ್ಪ ಅಂದದ್ದೂ ಇರಲಿ, ಜ್ವರದಾಗ ಅಂದಾನ. ಆದ್ರ ನೀ... ನೀನೂ ನನ್ನ ಹಂಗ ನೋಡಿದ್ಯಲ್ಲ ಮಗಳ..."

ಶಂಕ್ರೆವ್ವ ಸರಳಿಗೆ ಹಣೆ ಹಚ್ಚಿ ಅತ್ತಳು. ಇಲ್ಲ ಎಂದರೆ ಅದು ಸುಳ್ಳಾಗುತ್ತಿತ್ತು.

"ಇನ್ನ ಜನ್ಮದಾಗ ಬತ್ತಿ ಹಿಡಿಯಂಗಿಲ್ಲ ನಾ," ಎಂದಳು ಮರೆವ್ವ ಮೆಲ್ಲಗೆ.

* * *

ಬೆಳಗಾಯಿತು. ಹಣಮಪ್ಪನ ಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ನಡುವೆ ಮರೆವ್ವ. ಅವಳ ಪಕ್ಕದಲ್ಲಿ ಕುಲುಮೆಯ ಇಕ್ಕಳ ಹಿಡಿದು ಒಬ್ಬ ನಿಂತಿದ್ದ.

ಶಂಕ್ರೆವ್ವ ಜನರನ್ನು ಸೀಳಿಕೊಂಡು ಬಂದು ಮರೆವ್ವನ ಮುಂದೆ ನಿಂತಳು.

ಎಲ್ಲರೂ ಬೆಚ್ಚಿಬಿದ್ದರು. ಹೆಣ್ಣುಮಗಳು... ಕಟ್ಟೆಯ ಮೇಲೆ!

"ಬರ್ಫ ತಂದಾಕಿ ನಾನು. ತಾಟಿನ್ಯಾಗ ಇಟ್ಟಾಕಿ ನಾನು. ಹಲ್ಲು ಕೀಳೋದಿದ್ರ ಮೊದಲ ನಂದು ಕೀಳ್ರಿ!"

"ಏ ಶಂಕ್ರೆವ್ವಾ, ಸರಿ ಆ ಕಡೆ!" ಪರಪ್ಪ ಕೂಗಿದ.

"ಸರಿಯಂಗಿಲ್ಲ ಅಪ್ಪಾ. ನನ್ನ ಸಾಕಿದ ಕೈ ಇದು. ನಿನ್ನೆ ಒಂದು ಗಳಿಗಿ ನಾನೂ ಅಂಜಿದೆ. ಅದಕ್ಕ ನನಗ ನಾಚಿಕಿ ಆಗೇತಿ. ಇವತ್ತು ಅಂಜಂಗಿಲ್ಲ!"

ಗೌಡ ಶ್ರೀಶೈಲಪ್ಪ ಏನೋ ಹೇಳಲು ಬಾಯಿ ತೆರೆದ. ಅದೇ ಹೊತ್ತಿಗೆ ದೂರದಲ್ಲಿ ಇಂಡಿ ಬಸ್ಸಿನ ಹಾರ್ನು ಕೇಳಿತು. ಒಂದೇ ಸಮ... ಪೋಂ ಪೋಂ ಪೋಂ... ಯಾರೋ ಡ್ರೈವರನ ಬೆನ್ನು ಹತ್ತಿ ಹೊಡೆಸುತ್ತಿರುವ ಹಾಗೆ.

ಬಸ್ಸು ಸ್ಟ್ಯಾಂಡಿನಲ್ಲಿ ನಿಲ್ಲಲಿಲ್ಲ. ನೇರ ಕಟ್ಟೆಯ ತನಕ ಬಂದು ನಿಂತಿತು!

ಇಳಿದವನು ಬಸಂತರಾಯ. ಅಂಗಿ ಎಲ್ಲ ಧೂಳು. ಕಣ್ಣು ಕೆಂಪು. ಎದೆಗವಚಿಕೊಂಡ ಟಬ್ಬು, ಅದರೊಳಗೆ ಬರ್ಫು-ಉಪ್ಪಿನ ನಡುವೆ ದಪ್ಪ ಉಕ್ಕಿನ ಡಬ್ಬಿ.

"ಮಾಮಾ, ನಿಲ್ಲಸ್ರಿ! ಮುದುಕಿ ತಪ್ಪಲ್ಲ. ಅದು ನನ್ನ ಬರ್ಫು!"

ಶಂಕ್ರೆವ್ವನ ಎದೆ ಒಮ್ಮೆ ನಿಂತು ಮತ್ತೆ ಹೊಡೆದುಕೊಂಡಿತು. 'ಬಂದ... ಓಡಿಹೋಗಿರಲಿಲ್ಲ!'

"ಬಾಯಿಮಾತು ಬ್ಯಾಡ ಬಸಂತು," ಎಂದ ಗೌಡ. "ಬರ್ಫ ಉರಿತೈತೇನು? ಉರಿಸಿ ತೋರಸು."

ಬಸಂತರಾಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ.

"ಹಿಪ್ಪರಗ್ಯಾಗ ನಮ್ಮ ಮನಿಯೊಳಗ ಸಗಣಿ ಗ್ಯಾಸಿನ ಒಲಿ ಹತ್ತತೈತಿ, ಮಾಮಾ ನೋಡ್ಯಾರ. ಅದರಾಗ ಉರಿಯೋದೂ ಇದ ಗ್ಯಾಸು. ಈ ಡಬ್ಯಾಗ ನೀರು ಹಾಕಿ, ಈ ಗ್ಯಾಸು ಗಟ್ಟ್ಯಾಗಿ ತುಂಬಿ, ಥಂಡಿ ಮಾಡಿ ಅಲಗಾಡಸಿದ್ರ, ಗಡ್ಡಿ ಕಟ್ಟೂಮುಂದ ಗ್ಯಾಸು ಒಳಗ ಸೆರಿ ಆಗತೈತಿ. ನೋಡಾಕ ಬರ್ಫಿನಂಗ. ನಿನ್ನೆ ಡಬ್ಬಿಯಿಂದ ತಗದು ಟಬ್ಬಿನ್ಯಾಗ ಇಟ್ಟದ್ದೂ ಇದ. ಒತ್ತಡ ಇಳಿಸಿ ಬೆಚ್ಚಗ ಮಾಡಿದ್ರ ಹೊರಗ ಬರತೈತಿ. ರಷ್ಯಾದವರು ಸೈಬೀರಿಯಾದ ನೆಲದ ಬುಡದಿಂದ ಹಿಂಗ ತಗಿಯಾಕತ್ತಾರಂತ."

ಯಾರಿಗೂ ತಿಳಿಯಲಿಲ್ಲ. ಶಂಕ್ರೆವ್ವನಿಗೆ ಮಾತ್ರ ತಿಳಿಯಿತು. ಅವಳ ಕಣ್ಣು ಅಗಲವಾದವು.

ಅವನು ಡಬ್ಬಿಯ ಬಾಯಿಯ ತಿರುಪನ್ನು ಸ್ವಲ್ಪ ತಿರುವಿದ. ಸುಂಯ್ಯೆಂದು ಸದ್ದು. ಕಡ್ಡಿ ಗೀರಿದ. ಡಬ್ಬಿಯ ಮೂತಿಯಲ್ಲಿ ನೀಲಿ ಉರಿ ಎದ್ದಿತು! ಜನ ಹೋ ಎಂದು ಹಿಂದೆ ಸರಿದರು.

ಆದರೆ... ಉರಿ ಕುಗ್ಗಿತು. ಇನ್ನೂ ಕುಗ್ಗಿತು. ಆರೇಹೋಯಿತು!

"ಆತಪಾ, ಮುಗೀತು ಇವನ ಆಟ!" ಯಾರೋ ನಕ್ಕರು. ಇಕ್ಕಳದವನು ಗೌಡನ ಮುಖ ನೋಡಿದ.

ಬಸಂತರಾಯನ ಹಣೆಯಲ್ಲಿ ಬೆವರು. "ಮುಗಿದಿಲ್ಲರಿ, ಗ್ಯಾಸು ಇನ್ನೂ ಒಳಗ ಐತಿ. ಹೊರಗ ಬರೂಮುಂದ ಗಡ್ಡಿ ತಾನ ಇನ್ನೂ ಥಂಡಿ ಆಗಿ ಬಿಗಿದುಬಿಡತೈತಿ. ಬರೇ ಒತ್ತಡ ಇಳಿಸಿದ್ರ ಸಾಲಂಗಿಲ್ಲ. ಬೆಚ್ಚಗೂ ಮಾಡಬೇಕು... ಬಿಸಿನೀರು! ಯಾರಾದ್ರೂ ಬಿಸಿನೀರು ಕೊಡ್ರಿ!"

ಯಾರೂ ಕದಲಲಿಲ್ಲ. ಮಾಟದ ಡಬ್ಬಿಗೆ ತಮ್ಮ ಮನೆಯ ನೀರು ಕೊಡುವವರು ಯಾರು?

ಶಂಕ್ರೆವ್ವ ಓಡಿದಳು. ಎದುರಿನ ಚಹಾದ ಅಂಗಡಿಯ ಒಲೆಯ ಮೇಲೆ ಕುದಿಯುತ್ತಿದ್ದ ಕಿಟ್ಲಿಯನ್ನೇ ಎತ್ತಿಕೊಂಡು ಬಂದಳು. ಸೆರಗಿನಿಂದ ಹಿಡಿ ಹಿಡಿದು, ಅವನು ತೋರಿಸಿದ ಕಡೆ, ಹಿಮ ಕಟ್ಟಿ ಬೆಳ್ಳಗಾಗಿದ್ದ ಉಕ್ಕಿನ ಮೇಲೆ ಸುರಿದಳು.

ಒಂದು ಕ್ಷಣ ಏನೂ ಇಲ್ಲ.

ಆಮೇಲೆ ಸುಂಯ್... ಸುಂಯ್ಯ್ಯ್...

ಅವನು ಮತ್ತೆ ಕಡ್ಡಿ ಗೀರಿದ. ಮೊದಲಿಗಿಂತ ದೊಡ್ಡ ಉರಿ ಎದ್ದಿತು!

ಈ ಸಲ ಯಾರೂ ನಗಲಿಲ್ಲ. ಬಸಂತರಾಯ ಉರಿ ಆರಿಸಿ, ಒಳಗಿನ ಒತ್ತಡವೆಲ್ಲ ಹೋಗಲು ಬಿಟ್ಟು, ಮುಚ್ಚಳ ಬಿಚ್ಚಿದ. ಒಳಗೆ ಉಳಿದ ಬೆಳ್ಳನೆಯ ಗಡ್ಡೆಯನ್ನು ತಾಟಿನಲ್ಲಿಟ್ಟು ಪರಪ್ಪನ ಮುಂದೆ ಹಿಡಿದ.

"ನೀವ ಹಚ್ಚರಿ ಕಾಕಾ. ನಿಮಗ ಯಾವ ಮಂತ್ರ ಬರತೈತಿ?"

ಪರಪ್ಪ ಕಡ್ಡಿ ಗೀರಿ ಮುಟ್ಟಿಸಿದ.

ಭಗ್!

ಅವನೇ ಹಚ್ಚಿದ ಉರಿ. ಮಂತ್ರವಿಲ್ಲ, ಮುದುಕಿಯಿಲ್ಲ. ಪರಪ್ಪ ಕಣ್ಣು ಮಿಟುಕಿಸದೆ ನೋಡುತ್ತ ಕೂತ. ಉರಿ ತಾನಾಗಿ ತಣ್ಣಗಾದ ಮೇಲೆ ತಾಟಿನಲ್ಲಿ ಉಳಿದದ್ದಕ್ಕೆ ಬೆರಳು ಅದ್ದಿದ.

"ನೀರು..." ಎಂದ. "ಬರೇ ನೀರು ಐತಿ."

ಇಕ್ಕಳ ಕೆಳಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿತು.

ಪರಪ್ಪ ಎದ್ದು ಮರೆವ್ವನ ಮುಂದೆ ಕೈ ಜೋಡಿಸಿದ. "ನನ್ನ ಮಗಳಿಗೆ ಹಾಲು ಕುಡಿಸಿದಾಕಿ ನೀ. ನಿನ್ನ ಮ್ಯಾಲೆ ನಾ ಏನು ಹೊರಸಿದೆ ಮರೆವ್ವಾ..."

"ಮನಿಗಿ ಹೋಗು, ಜ್ವರ ಇನ್ನೂ ಇಳಿದಿಲ್ಲ ನಿಂಗ," ಎಂದಳು ಮುದುಕಿ ಒರಟಾಗಿ. ಗೌಡ ಶ್ರೀಶೈಲಪ್ಪ ತಲೆಯ ಪಟಕ ತೆಗೆದು ಕೈಯಲ್ಲಿ ಹಿಡಿದು, ಅವಳನ್ನು ಗುಡಿಸಲಿನ ತನಕ ತಾನೇ ಬಿಟ್ಟು ಬಂದ. ಆ ದಿನ ಹಾಲಗುಂಡಿ ಬರ್ಫಿಗಿಂತ ಹೆಚ್ಚು ಬೆರಗುಗೊಂಡದ್ದು ಅದಕ್ಕೆ.

* * *

ಸಂಜೆ ನಿಂಬೆ ತೋಟದ ಬಾವಿಕಟ್ಟೆಯಲ್ಲಿ ಶಂಕ್ರೆವ್ವ ಒಬ್ಬಳೇ ಕೂತಿದ್ದಳು. ಹೆಜ್ಜೆ ಸದ್ದಾಯಿತು.

"ಅಕ್ಕೋರ..."

ಬಸಂತರಾಯ! ಅವಳು ತಟ್ಟನೆ ಎದ್ದು ನಿಂತಳು. ಎಷ್ಟೋ ಮಾತು ಕೂಡಿಟ್ಟಿದ್ದಳು, ಹೊರಗೆ ಬಂದದ್ದು ಮಾತ್ರ ಜಗಳ.

"ನಿನ್ನೆ ಒಂದು ಮಾತು ಹೇಳಿ ಹೋಗಾಕ ಏನಾಗಿತ್ತು ನಿಮಗ? ಓಡಿ ಹೋದ್ರಿ ಅಂತ ನಾ... ನಾ ನಿಮಗ ಮನಸಿನ್ಯಾಗ ಎಷ್ಟು ಬೈದೀನಿ ಗೊತ್ತೇನು?"

"ಬಸ್ ಹೊಂಟಿತ್ತರಿ. ಅದು ತಪ್ಪಿದ್ರ ಮುಂಜಾನಿ ತನಕ ಬ್ಯಾರೆ ಬಸ್ ಇಲ್ಲ. ನನ್ನ ಗ್ಯಾಸಿನ ಸಿಲಿಂಡರು ಇಂಡ್ಯಾಗ ಗೆಳೆಯನ ಮನ್ಯಾಗ. ಬರ್ಫೂ ಅಲ್ಲೇ ಸಿಗೋದು. ಕೈಯಾಗ ಏನೂ ಇಲ್ಲದ ಬರೇ ಬಾಯಿಲೆ ಹೇಳಿದ್ರ ಯಾರು ನಂಬತಿದ್ರು? ನೀವಾದ್ರೂ ನಂಬತಿದ್ರೇನು?"

ಅವಳು ತಲೆ ತಗ್ಗಿಸಿದಳು. "ಇಲ್ಲ. ಮೊದಲ ಸಲ ಹೇಳಾಕ ಬಂದಾಗ ಹೊಡದೆ."

ಇಬ್ಬರೂ ನಕ್ಕುಬಿಟ್ಟರು.

"ಖರೇ ಹೇಳಬೇಕಂದ್ರ ಪುಣ್ಯ ಇಂಡಿ ರಸ್ತೆದ್ದು," ಎಂದ ಅವನು. "ಮುಂಬೈದಾಗ ಡಬ್ಬಿ ಅಲಗಾಡಸಾಕ ಮಷೀನ್ ಬೇಕು. ಇಲ್ಲಿ ತೊಡಿ ಮ್ಯಾಲೆ ಇಟ್ಟುಕೊಂಡು ಬಸ್ಸಿನ್ಯಾಗ ಕುಂತರ ಸಾಕು, ತಗ್ಗು ದಿಣ್ಣಿ ಎಲ್ಲಾ ತಾವ ಮಾಡಿಕೊಡ್ತಾವು!"

ಅವನು ನಿಂಬೆಯ ಎಲೆಯೊಂದನ್ನು ಕಿತ್ತು ಚೂರು ಚೂರು ಮಾಡಿದ. ಇನ್ನೊಂದು ಕಿತ್ತ.

"ಗಿಡ ಬೋಳು ಆಗತೈತಿ. ಬಂದದ್ದು ಏನು ಹೇಳ್ರಿ," ಎಂದಳು.

"ಅದು... ನಾಳೆ ಮುಂಬೈಗೆ ಹೋಗ್ತೇನಿ. ಹೋಗೂಕಿಂತ ಮೊದಲ... ಅಂದ್ರ..."

ಡಬ್ಬಿಯ ಮೂತಿಯಲ್ಲಿ ಕುಗ್ಗಿದ ಉರಿಯ ಹಾಗೆ ಅವನ ಮಾತು ಅಲ್ಲೇ ನಿಂತಿತು. ಊರೆದುರು ಸೈಬೀರಿಯಾ ತನಕ ಮಾತಾಡಿದವನು ಇವನೇನಾ! ಶಂಕ್ರೆವ್ವನಿಗೆ ನಗು ಬಂತು. ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು.

ಅವಳು ಮೆಲ್ಲಗೆ ಹತ್ತಿರ ಬಂದು, ನಿನ್ನೆ ಹೊಡೆದ ಅದೇ ಕೆನ್ನೆಗೆ ಅಂಗೈ ಇಟ್ಟಳು.

ಅವನು ದಂಗಾಗಿ ಉಸಿರು ಹಿಡಿದ.

"ಬರೇ ಒತ್ತಡ ಇಳಿಸಿದ್ರ ಸಾಲಂಗಿಲ್ಲ ಅಂದ್ರಿ. ಬೆಚ್ಚಗೂ ಮಾಡಬೇಕಂತ ನೀವ ಹೇಳಿದ್ರಿ," ಎಂದಳು ಪಿಸುದನಿಯಲ್ಲಿ. "ಈಗ ಹೇಳ್ರಿ."

"ಕಾಲೇಜು ಸೂಟಿಗೆ ಊರಿಗೆ ಬಂದ ಮೊದಲ ದಿನಾನ ನಿಮ್ಮನ್ನ ನೋಡಿದೆ. ರಜಾಕನ ಅಂಗಡ್ಯಾಗ ದಿನಾ ಕೂಡತಿದ್ದದ್ದು ಬರ್ಫಿಗಲ್ಲ. ನೀವು ಸಾಲಿಗೆ ಹೋಗೋ ದಾರಿ ಅದು." ಮಾತು ಈಗ ತಡೆಯಿಲ್ಲದೆ ಬಂತು. "ನಿನ್ನೆ ನೀವು ಹೊಡೆದಾಗ ಸಿಟ್ಟು ಬರಲಿಲ್ಲ. ನಿಮ್ಮ ಮನಿಗಿ ಬೆಂಕಿ ಕಳಿಸಿದೆನಲ್ಲ, ಆ ಅಂಜಿಕಿ ಬಂತು. ರಾತ್ರಿ ಎಲ್ಲಾ ಒಂದ ಮಾತು ಹಾಡಿದ್ಹಂಗ... ಆಕಿಗೆ ಏನೂ ಆಗದಿರಲಿ, ಆಕಿಗೆ ಏನೂ ಆಗದಿರಲಿ... ನನ್ನ ಮದುವಿ ಆಗ್ತೀರೇನ್ರಿ ಅಕ್ಕೋರ?"

ಅವಳ ಕಣ್ಣು ತುಂಬಿ ಬಂದವು.

"ಆಗ್ತೇನಿ. ಆದ್ರ ಒಂದು ಮಾತು..."

"ಏನ್ರಿ?"

"ಅಕ್ಕೋರ ಅನ್ನೋದು ಇವತ್ತಿಗೆ ಸಾಕು!"

* * *

ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ಪರಪ್ಪನ ಅಂಗಳದಲ್ಲಿ ಚಪ್ಪರ ಎದ್ದಿತು. ತಲೆಯ ಮೇಲೆ ಅಕ್ಕಿಕಾಳು ಬಿದ್ದಮೇಲೆ ವಧುವರರು ಪಡಸಾಲೆಯಲ್ಲಿ ಕೂತಿದ್ದರು. ಯಾರೋ ಹಿರಿಯಳು, "ಇಷ್ಟು ಚೆಂದ ಜೋಡಿ, ದೃಷ್ಟಿ ತಗೀರಿ ಯಾರಾದ್ರೂ," ಎಂದಳು.

ಎಲ್ಲರ ಕಣ್ಣೂ ಮರೆವ್ವನನ್ನು ಹುಡುಕಿದವು.

ಪರಪ್ಪ ಎದ್ದು ಒಳಗೆ ಹೋದ. ಹಳೆಯ ಸೀರೆಯ ಚೂರು ತಂದ. ಅದು ಶಂಕ್ರೆವ್ವನ ತಾಯಿಯದು. ಕಂಬದ ಮರೆಯಲ್ಲಿ ಕೂತಿದ್ದ ಮರೆವ್ವನ ಮುಂದೆ ಅದನ್ನು ಎರಡೂ ಕೈಯಲ್ಲಿ ಹಿಡಿದ.

"ನೀನ ತಗೀಬೇಕು."

"ಒಲ್ಲೆ. ಇನ್ನ ಹಿಡಿಯಂಗಿಲ್ಲ ಅಂದೀನಿ."

"ಆಯಿ..." ಶಂಕ್ರೆವ್ವ ಬಾಸಿಂಗ ಕಟ್ಟಿದ ಹಣೆಯನ್ನು ಎತ್ತಿ ಅವಳನ್ನೇ ನೋಡಿದಳು. ಆ ನೋಟದಲ್ಲಿ ಹೆದರಿಕೆಯ ಎಳೆಯೂ ಇರಲಿಲ್ಲ.

ಮರೆವ್ವ ಬಹಳ ಹೊತ್ತು ಆ ಕಣ್ಣನ್ನೇ ನೋಡಿದಳು. ಆಮೇಲೆ ಎದ್ದಳು. ಬತ್ತಿ ಹೊಸೆದು, ಎಣ್ಣೆಯಲ್ಲಿ ಅದ್ದಿ, ಹೊತ್ತಿಸಿದಳು. ಇಬ್ಬರ ಮೇಲೂ ನಿವಾಳಿಸಿ, ತಾಟಿನ ಹತ್ತಿರ ಬಂದು, ತಟ್ಟನೆ ನಿಂತಳು.

"ಅಳಿಯಪ್ಪಾ, ತಾಟಿನ್ಯಾಗ ಏನೈತಿ?"

"ನೀರು, ಆಯಿ. ಬಾವಿ ನೀರು."

"ಖರೇನ?"

"ನಿಮ್ಮ ಮಗಳಾಣಿ!"

"ಆಕಿ ಆಣಿ ಬ್ಯಾಡ," ಎಂದು ಮುದುಕಿ ಬಗ್ಗಿ, ತಾಟಿಗೆ ಬೆರಳು ಅದ್ದಿ, ನಾಲಗೆಗೆ ಮುಟ್ಟಿಸಿ ನೋಡಿದಳು. ಆಮೇಲೆ ಬತ್ತಿಯನ್ನು ಮೇಲೆ ಹಿಡಿದಳು.

ಹನಿ ಬಿತ್ತು. ಸೊರ್ರ್ ಎಂದಿತು.

"ಹೋತು ನೋಡು ದೃಷ್ಟಿ," ಎಂದಳು ಮರೆವ್ವ, ನಾಲ್ಕೇ ಹಲ್ಲಿನ ಬಾಯಿ ತುಂಬ ನಗುತ್ತ.